ವಾಘಾ ನೋಡುವವರು ಹುಸೇನಿವಾಲಾಗೂ ಒಂದು ದಿನ ಇಡಿ

ಅಮೃತಸರಕ್ಕೆ ಹೋಗುವ ನಮ್ಮವರ ಪಟ್ಟಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಸ್ವರ್ಣಮಂದಿರ, ಜಲಿಯನ್‌ವಾಲಾ ಬಾಗ್, ಸಂಜೆ ವಾಘಾ ಗಡಿ, ಮರುದಿನ ವಾಪಸ್. ದಯವಿಟ್ಟು ಇದಕ್ಕೆ ಇನ್ನೊಂದು ದಿನ ಸೇರಿಸಿಕೊಳ್ಳಿ. ಫಿರೋಜ್‌ಪುರದ ಆಚೆ, ಸಟ್ಲೆಜ್ ನದಿಯ ದಂಡೆಯಲ್ಲಿ ಹುಸೇನಿವಾಲಾ ಅಂತ ಒಂದು ಊರಿದೆ. ಭಗತ್ ಸಿಂಗ್, ಸುಖದೇವ್, ರಾಜಗುರು ಅವರ ಸಮಾಧಿ ಇರುವುದು ಅಲ್ಲಿ. ಅಲ್ಲೂ ಗಡಿ ಇದೆ, ಅಲ್ಲೂ ಸಂಜೆ ಧ್ವಜ ಇಳಿಸುವ ಕವಾಯತು ಇದೆ. ವಾಘಾದ ನೂಕುನುಗ್ಗಲು ಮಾತ್ರ ಇಲ್ಲ.

ಹೋಗುವುದು ಕಷ್ಟವೇನಲ್ಲ. ಅಮೃತಸರದಿಂದ ಫಿರೋಜ್‌ಪುರ ಸುಮಾರು 120 ಕಿ.ಮೀ. ಬಸ್ಸುಗಳಿವೆ, ಆದರೆ ಹೆಚ್ಚಿನವುಗಳ ಬೋರ್ಡು ಗುರುಮುಖಿಯಲ್ಲಿ. ಕಂಡಕ್ಟರನ್ನು ಕೇಳಿಯೇ ಹತ್ತಿ, ಹಿಂದಿ ಸಾಕು. ಕಾರು ಮಾಡಿಕೊಂಡರೆ ದಾರಿಯಲ್ಲಿ ಹರಿಕೆ ಸಿಗುತ್ತದೆ. ಬಿಯಾಸ್ ನದಿ ಸಟ್ಲೆಜ್‌ಗೆ ಸೇರುವ ಜಾಗ ಅದು. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ತುಂಬಿರುತ್ತವೆ. ಅಮೃತಸರದ ಗೊಡವೆಯೇ ಬೇಡ ಅನ್ನುವವರಿಗೆ ಮುಂಬೈಯಿಂದ ಪಂಜಾಬ್ ಮೇಲ್ ನೇರವಾಗಿ ಫಿರೋಜ್‌ಪುರ ಕಂಟೋನ್ಮೆಂಟಿಗೆ ಹೋಗುತ್ತದೆ. 1912ರಿಂದ ಓಡುತ್ತಿರುವ ಹಳೇ ಗಾಡಿ, ಅವಸರ ಇಲ್ಲದವರಿಗೆ ಸೊಗಸು. ದೆಹಲಿಯಿಂದ ವಂದೇ ಭಾರತ್ ಕೂಡ ಬಂದಿದೆ. ಫಿರೋಜ್‌ಪುರದಿಂದ ಸಮಾಧಿಗೆ ಹತ್ತು ಹನ್ನೊಂದು ಕಿ.ಮೀ. ಆಟೋದವರ ಜೊತೆ ಹೋಗಿಬರುವುದಕ್ಕೂ, ಕಾಯುವುದಕ್ಕೂ ಸೇರಿಸಿ ಮೊದಲೇ ಮಾತಾಡಿಕೊಳ್ಳಿ. ಕವಾಯತು ಮುಗಿದ ಮೇಲೆ ಅಲ್ಲಿ ವಾಹನ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಬಹಳ ಜನ ಕವಾಯತಿನ ಹೊತ್ತಿಗೆ ಸರಿಯಾಗಿ ಬಂದು, ಸಮಾಧಿ ಎದುರು ಒಂದು ಸೆಲ್ಫಿ ತೆಗೆದು ಗಡಿ ಕಡೆ ಓಡುತ್ತಾರೆ. ನೀವು ಎರಡು ಗಂಟೆ ಮುಂಚೆ ಹೋಗಿ. ಈ ಜಾಗದ ಕಥೆ ಗೊತ್ತಿದ್ದರೆ ಅಲ್ಲಿ ಕೂರಬೇಕು ಅಂತ ತಾನಾಗಿ ಅನಿಸುತ್ತದೆ.

ಮೂವರನ್ನೂ 1931ರ ಮಾರ್ಚ್ 24ರ ಬೆಳಗ್ಗೆ ಗಲ್ಲಿಗೇರಿಸುವುದು ಅಂತ ತೀರ್ಮಾನವಾಗಿತ್ತು. ಜನ ದಂಗೆಯೇಳುತ್ತಾರೆ ಅನ್ನುವ ಹೆದರಿಕೆ ಸರ್ಕಾರಕ್ಕೆ. ಹಿಂದಿನ ಸಂಜೆಯೇ ಲಾಹೋರ್ ಜೈಲಿನಲ್ಲಿ ಕೆಲಸ ಮುಗಿಸಿದರು. ಭಗತ್ ಸಿಂಗ್, ಸುಖದೇವ್ ಅವರಿಗೆ 23 ವರ್ಷ, ರಾಜಗುರುಗೆ 22. ನಾವು ಯುದ್ಧಕೈದಿಗಳು, ನೇಣು ಬೇಡ, ಗುಂಡಿಟ್ಟು ಕೊಲ್ಲಿ ಅಂತ ಅವರೇ ಪತ್ರ ಬರೆದಿದ್ದರು. ಅದನ್ನು ಯಾರು ಕೇಳಬೇಕು? ರಾತ್ರಿ ಜೈಲಿನ ಹಿಂದಿನ ಗೋಡೆ ಒಡೆದು ಶವಗಳನ್ನು ಕದ್ದು ಸಾಗಿಸಿ, ಇಲ್ಲಿ ಸಟ್ಲೆಜ್ ದಂಡೆಯಲ್ಲಿ ಅವಸರವಾಗಿ ಸುಟ್ಟರು.

ದೇಶ ಇಬ್ಭಾಗವಾದಾಗ ಈ ಜಾಗ ಪಾಕಿಸ್ತಾನಕ್ಕೆ ಹೋಗಿತ್ತು. 1961ರಲ್ಲಿ ಸುಲೇಮಾನ್ಕಿ ಅಣೆಕಟ್ಟೆಯ ಹತ್ತಿರದ 12 ಹಳ್ಳಿಗಳನ್ನು ಬಿಟ್ಟುಕೊಟ್ಟು ನಾವು ಇದನ್ನು ಪಡೆದುಕೊಂಡೆವು. 1968ರಲ್ಲಿ ಸ್ಮಾರಕ ಎದ್ದಿತು. 1971ರ ಯುದ್ಧದಲ್ಲಿ ಅದು ಹಾಳಾಯಿತು, ಮೂರ್ತಿಗಳನ್ನು ಆ ಕಡೆಯ ಸೈನ್ಯ ಹೊತ್ತುಕೊಂಡು ಹೋಯಿತು. ಈಗಿರುವುದು ಆಮೇಲೆ ಕಟ್ಟಿದ್ದು.

ಮೂವರ ಸಮಾಧಿ ನೋಡಿ ಹೊರಟುಬಿಡಬೇಡಿ. ಅಲ್ಲೇ ಬಟುಕೇಶ್ವರ ದತ್ ಅವರ ಸಮಾಧಿಯೂ ಇದೆ. ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಅದೇ. 1929ರ ಏಪ್ರಿಲ್ 8ರಂದು ದೆಹಲಿಯ ಅಸೆಂಬ್ಲಿಯಲ್ಲಿ ಭಗತ್ ಸಿಂಗ್ ಜೊತೆ ಬಾಂಬ್ ಎಸೆದವರು ಇವರೇ. ಭಗತ್ ಸಿಂಗ್‌ಗೆ ಗಲ್ಲಾಗಿದ್ದು ಆ ಬಾಂಬಿಗೆ ಅಂತ ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ಅಲ್ಲ. ಬಾಂಬಿಗೆ ಇಬ್ಬರಿಗೂ ಜೀವಾವಧಿ ಶಿಕ್ಷೆ. ಗಲ್ಲು ಬಂದದ್ದು ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯ ಮೊಕದ್ದಮೆಯಲ್ಲಿ. ಹಾಗಾಗಿ ದತ್ ಬದುಕಿ ಉಳಿದರು. ಅಂಡಮಾನ್ ಜೈಲು ಕಂಡರು, ಸ್ವತಂತ್ರ ಭಾರತದಲ್ಲಿ ಹೊಟ್ಟೆಪಾಡಿಗೆ ಒದ್ದಾಡಿದರು, 1965ರಲ್ಲಿ ಕಾಯಿಲೆ ಬಿದ್ದು ದೆಹಲಿಯಲ್ಲಿ ತೀರಿಕೊಂಡರು. ಗೆಳೆಯರ ಪಕ್ಕದಲ್ಲೇ ಸುಡಿ ಅನ್ನುವುದು ಅವರ ಕೊನೆಯ ಆಸೆಯಾಗಿತ್ತು. ಭಗತ್ ಸಿಂಗ್ ತಾಯಿ ವಿದ್ಯಾವತಿ ಅವರ ಅಂತ್ಯಸಂಸ್ಕಾರವೂ 1975ರಲ್ಲಿ ಇಲ್ಲೇ ನಡೆಯಿತು. ಮಗನನ್ನು ಕಳೆದುಕೊಂಡು 44 ವರ್ಷ ಬದುಕಿದ್ದರು ಆಕೆ.

ಕವಾಯತು ಚಿಕ್ಕದು, ಚೊಕ್ಕದು. ಎರಡೂ ಕಡೆಯ ಜನ ಒಬ್ಬರಿಗೊಬ್ಬರು ಮುಖ ಕಾಣುವಷ್ಟು ಹತ್ತಿರ ಕೂತಿರುತ್ತಾರೆ. ಸಮಯ ಋತುವಿನ ಜೊತೆ ಬದಲಾಗುತ್ತದೆ, ಆ ದಿನವೇ ಊರಲ್ಲಿ ವಿಚಾರಿಸಿ. ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ದೊಡ್ಡ ಬ್ಯಾಗು ಬೇಡ. ಗಡಿ ಬಿಸಿಯಾದಾಗ ಸಾರ್ವಜನಿಕರನ್ನು ಬಿಡುವುದಿಲ್ಲ, 2025ರ ಮೇ ತಿಂಗಳಲ್ಲಿ ಹಾಗೇ ಆಗಿತ್ತು. ಹೊರಡುವ ಮುಂಚೆ ಸುದ್ದಿ ನೋಡಿಕೊಳ್ಳಿ.

ಮಾರ್ಚ್ 23ಕ್ಕೇ ಹೋಗಬೇಕಾ? ಅಂದು ದೊಡ್ಡ ಮೇಳ. ಫಿರೋಜ್‌ಪುರದಿಂದ ವಿಶೇಷ ರೈಲು ಬಿಡುತ್ತಾರೆ, ಗದ್ದಲವೂ ಭಾಷಣವೂ ಧಾರಾಳ. ಜನಸಾಗರ ಇಷ್ಟಪಡುವವರು ಹೋಗಿ. ನನ್ನ ಮಟ್ಟಿಗೆ ಫೆಬ್ರವರಿಯ ಯಾವುದಾದರೂ ವಾರದ ದಿನ ವಾಸಿ. ಗೋಧಿ ಹೊಲಗಳು ಹಸಿರಾಗಿರುತ್ತವೆ, ಬಿಸಿಲು ಹಿತ. ಡಿಸೆಂಬರ್, ಜನವರಿಯಲ್ಲಿ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡ. ಮೇ, ಜೂನ್ ಬಿಸಿಲು ನಮ್ಮ ರಾಯಚೂರಿನವರಿಗೂ ಜಾಸ್ತಿಯೇ.

ಸಮಯ ಇದ್ದರೆ ಚಂಡೀಗಢದ ದಾರಿಯಲ್ಲಿ ಖಟ್ಕಡ್ ಕಲಾಂ ನೋಡಿ. ಭಗತ್ ಸಿಂಗ್ ಮನೆತನದ ಊರು. ಹಳೇ ಮನೆ, ಮ್ಯೂಸಿಯಂ ಎರಡೂ ಇವೆ. ಬಸ್ಸಿಳಿಯುವ ಪಕ್ಕದ ಪೇಟೆಯ ಹೆಸರು ಬಂಗಾ. ಇದನ್ನೇ ಹುಟ್ಟೂರು ಅಂದುಕೊಳ್ಳುವವರಿದ್ದಾರೆ. ಅವರು ಹುಟ್ಟಿದ ಬಂಗಾ ಬೇರೆ, ಅದು ಈಗ ಪಾಕಿಸ್ತಾನದಲ್ಲಿದೆ.

ಪಂಜಾಬ್ ದೂರವಾಯ್ತು ಅನ್ನುವ ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ರಾಜಗುರು ಹತ್ತಿರ. ಪುಣೆಯಿಂದ ನಾಸಿಕ್ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಹೋದರೆ ಅವರ ಊರು ಖೇಡ್ ಸಿಗುತ್ತದೆ. ಈಗ ರಾಜಗುರುನಗರ ಅನ್ನುತ್ತಾರೆ. ಭೀಮಾ ನದಿಯ ದಂಡೆಯಲ್ಲೇ ಅವರ ವಾಡೆ ಇದೆ. ಶಿರಡಿಗೆ ಹೋಗುವವರು ದಾರಿಯಲ್ಲೇ ಒಂದು ಗಂಟೆ ಇಳಿದು ನೋಡಬಹುದು.