ಬಾಣಂತಿಗೆ ತಂದ ತಾಟೆ

ತಂಗಿಗೆ ಹೆರಿಗೆಯಾಗಿ ಹನ್ನೆರಡು ದಿನ ಆಗಿತ್ತು. ಹಾಲು ಸಾಲುತ್ತಿಲ್ಲ ಅಂತ ಅಮ್ಮನಿಗೆ ಒಂದೇ ಚಿಂತೆ. ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ನನ್ನ ಕೈಗೆ ಚೀಲ ಕೊಟ್ಟು, "ಸಣ್ಣ ತಾಟೆ ಉಂಟಾ ನೋಡು, ಎಳೆಯದೇ ಆಗಬೇಕು, ದೊಡ್ಡದು ಬೇಡ" ಎಂದಳು.

ನಮ್ಮಲ್ಲಿ ಶಾರ್ಕಿಗೆ ತಾಟೆ ಅನ್ನುವುದು. ಮಲಯಾಳ ಮಾತಾಡುವವರಿಗೆ ಅದು ಸ್ರಾವು. ಮಂಜೇಶ್ವರದ ಬಂದರಿಗೆ ಹೋದರೆ ಎರಡು ಹೆಸರೂ ಕಿವಿಗೆ ಬೀಳುತ್ತವೆ, ಜೊತೆಗೆ ತುಳು, ಬ್ಯಾರಿ, ಐಸ್ ಒಡೆಯುವ ಸದ್ದು. ಆಗಸ್ಟ್ ತಿಂಗಳು. ಜುಲೈ 31ಕ್ಕೆ ಟ್ರಾಲಿಂಗ್ ನಿಷೇಧ, ಅಂದರೆ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯಬಾರದು ಎನ್ನುವ ಮಳೆಗಾಲದ ತಡೆ, ಮುಗಿದು ಬೋಟುಗಳೆಲ್ಲ ಇಳಿದಿದ್ದವು, ಹಾಗಾಗಿ ಬುಟ್ಟಿಗಳು ತುಂಬಿದ್ದವು. ಮೀನಿನ ಅಕ್ಕ ಒಂದು ಮೂಲೆಯಿಂದ ಆರು ತಾಟೆ ಮರಿ ಎತ್ತಿ ತೋರಿಸಿದಳು. ಒಂದೊಂದೂ ಹೆಚ್ಚುಕಮ್ಮಿ ಒಂದಡಿ.

"ಇದಕ್ಕಿಂತ ದೊಡ್ಡದು ಬರುವುದಿಲ್ವಾ ಅಕ್ಕಾ?"

"ಬಾಣಂತಿಗಲ್ವಾ? ದೊಡ್ಡದು ಯಾಕೆ ಮಗಾ? ಎಲ್ಲರೂ ಇದನ್ನೇ ಕೇಳುವುದು."

ಸರಿ, ಅದನ್ನೇ ಮನೆಗೆ ತಂದೆ. ಬಾವಿಕಟ್ಟೆಯ ಹತ್ತಿರ ಕೂತು ಬಿಸಿನೀರು ಹೊಯ್ದು ಚರ್ಮ ಉಜ್ಜತೊಡಗಿದೆ. ತಾಟೆ ಚರ್ಮ ಗೊತ್ತಲ್ಲ, ಮರಳು ಕಾಗದದ ಹಾಗೆ. ಅದರಲ್ಲಿ ಇರುವುದು ಹಲ್ಲಿನಂಥದ್ದೇ ಸಣ್ಣ ಸಣ್ಣ ಚಿಪ್ಪು, ಬಾಲದ ಕಡೆಯಿಂದ ತಲೆಯ ಕಡೆಗೆ ಕೈಯಾಡಿಸಿದರೆ ತರಚುತ್ತದೆ. ಒಂದನ್ನು ಮಗುಚಿ ಹಾಕಿದೆ. ಬಿಳಿ ಹೊಟ್ಟೆ. ಎದೆಯ ಎರಡು ರೆಕ್ಕೆಗಳ ನಡುವೆ ಒಂದು ಸಣ್ಣ ಸೀಳು, ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಬಲೆ ತಾಗಿರಬೇಕು ಅಂದುಕೊಂಡೆ. ಎರಡನೆಯದರಲ್ಲೂ ಅದೇ ಜಾಗದಲ್ಲಿ ಅದೇ ಗುರುತು. ಮೂರನೆಯದರಲ್ಲೂ. ಆರರಲ್ಲೂ ಇತ್ತು.

ನಾನು ಶಾಲೆಯಲ್ಲಿ ಜೀವಶಾಸ್ತ್ರ ಹೇಳುವವಳು, ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ಹೊಕ್ಕುಳ ಅಂತ ಹೊಳೆಯಲು ನನಗೆ ಆರನೆಯ ಮರಿಯವರೆಗೆ ಬೇಕಾಯಿತು. ಮೀನು ಮೊಟ್ಟೆ ಇಡುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದೇನೋ ಲೆಕ್ಕವಿಲ್ಲ.

ಕೆಲವು ಜಾತಿಯ ಶಾರ್ಕುಗಳು ಮೊಟ್ಟೆ ಇಡುತ್ತವೆ, ನಿಜ. ಆದರೆ ನಮ್ಮ ತೀರದ ಹತ್ತಿರ ಸಿಗುವ ಎಷ್ಟೋ ತಾಟೆಗಳು ಮರಿ ಹಾಕುತ್ತವೆ. ಹೊಟ್ಟೆಯೊಳಗೆ ಮರಿಗೆ ಹೊಕ್ಕುಳಬಳ್ಳಿ ಇರುತ್ತದೆ, ತಾಯಿಯ ಗರ್ಭಕ್ಕೆ ಅಂಟಿಕೊಂಡು ಅದರಿಂದಲೇ ಆಹಾರ ಎಳೆದುಕೊಳ್ಳುತ್ತದೆ, ಮನುಷ್ಯರ ಹಾಗೇ ಅನ್ನಬಹುದು. ಹುಟ್ಟಿದ ಮೇಲೆ ಆ ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ಅಂದರೆ ನನ್ನ ಮುಂದಿದ್ದ ಆರೂ ಹುಟ್ಟಿ ಜಾಸ್ತಿ ದಿನ ಆಗಿರಲಿಲ್ಲ. ಬಾಯಿಯ ಮೂಲೆಯಿಂದ ಹಿಂದಕ್ಕೆ ಹೋಗುವ ಉದ್ದದ ಗೆರೆ ನೋಡಿದರೆ ಮಿಲ್ಕ್ ಶಾರ್ಕ್ ಇರಬೇಕು ಅನ್ನಿಸಿತು. ಆ ಹೆಸರು ಬಂದದ್ದೇ ನಮ್ಮವರ ನಂಬಿಕೆಯಿಂದ, ಇದನ್ನು ತಿಂದರೆ ಹಾಲು ಹೆಚ್ಚುತ್ತದೆ ಅನ್ನುವುದರಿಂದ. ಈ ತಾಟೆ ಬಸುರಿಯಾದರೆ ಸುಮಾರು ಒಂದು ವರ್ಷ ಮರಿ ಹೊರುತ್ತದೆ, ಒಮ್ಮೆಗೆ ಹೆಚ್ಚಾಗಿ ಎರಡರಿಂದ ಐದು ಮರಿ. ಬಂಗುಡೆ ಸಾವಿರಗಟ್ಟಲೆ ಮೊಟ್ಟೆ ಚೆಲ್ಲುತ್ತದೆ, ಅದರಲ್ಲಿ ಎಷ್ಟು ಹೋದರೂ ಹೇಗೋ ತುಂಬಿಕೊಳ್ಳುತ್ತದೆ. ನಾನು ಚೀಲದಲ್ಲಿ ತಂದದ್ದು ಒಂದು ತಾಯಿಯ ವರ್ಷದ ಬಸಿರಿಗಿಂತ ಜಾಸ್ತಿ.

ಶಾರ್ಕ್ ಕೊಲ್ಲುವುದು ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಶಾರ್ಕ್ ರೆಕ್ಕೆಯ ಸೂಪಿನ ಕಥೆ ಮಾತ್ರ, ರೆಕ್ಕೆ ಕತ್ತರಿಸಿ ಮೀನನ್ನು ಸಮುದ್ರಕ್ಕೆ ಎಸೆಯುವುದು, ಚೀನಾಕ್ಕೆ ಕಳಿಸುವುದು. ಅದನ್ನು ತಡೆಯಲು 2013ರಲ್ಲಿ ರೆಕ್ಕೆ ಮೈಗೆ ಅಂಟಿದ ಹಾಗೇ ಶಾರ್ಕನ್ನು ದಡಕ್ಕೆ ತರಬೇಕು ಎಂದು ಸರ್ಕಾರ ಹೇಳಿತು, 2015ರಲ್ಲಿ ರೆಕ್ಕೆ ರಫ್ತನ್ನೇ ನಿಲ್ಲಿಸಿತು. ಒಳ್ಳೆಯದೇ. ಆದರೆ ಬಾವಿಕಟ್ಟೆಯ ಈ ಆರು ಮರಿಗೂ ಯಾವ ಸೂಪಿಗೂ ಸಂಬಂಧ ಇಲ್ಲ. ಇವು ಮಂಜೇಶ್ವರದಲ್ಲಿ ಇಳಿದು ನಮ್ಮ ಒಲೆಗೆ ಬಂದವು.

ಬೋಟಿನವರನ್ನು ಬೈಯಲೂ ಮನಸ್ಸು ಬರುವುದಿಲ್ಲ. ಅವರು ಹೋದದ್ದು ಸಿಗಡಿಗೋ ಬಂಗುಡೆಗೋ. ತಾಟೆ ತಾಯಿ ಮರಿ ಹಾಕಲು ಆಳ ಕಡಿಮೆ ಇರುವ, ನದಿ ಸೇರುವ ಕಡೆಯಂಥ ಜಾಗ ಹುಡುಕುತ್ತದೆ. ಅಲ್ಲಿ ನೀರು ಕದಡಿರುತ್ತದೆ, ಸಣ್ಣ ಮೀನು ಸಿಗಡಿ ಬೇಕಾದಷ್ಟು, ಮರಿಯನ್ನು ತಿನ್ನುವ ದೊಡ್ಡ ಶಾರ್ಕುಗಳು ಕಮ್ಮಿ. ಬಲೆ ಬೀಳುವುದೂ ಅಲ್ಲೇ. ಬಲೆಯ ತುದಿಯ ಚೀಲದಲ್ಲಿ ಬೇರೆ ಮೀನಿನ ಭಾರಕ್ಕೆ ಸಿಕ್ಕಿ ಮೇಲೆ ಬರುವಾಗ ಮರಿ ಸತ್ತೇ ಇರುತ್ತದೆ ಅಥವಾ ಸಾಯುವ ಹಾಗಿರುತ್ತದೆ, ವಾಪಸ್ ಎಸೆದರೆ ಏನು ಬಂತು? ಬುಟ್ಟಿಗೆ ಹಾಕುತ್ತಾರೆ. ಆಮೇಲೆ "ಎಳೆಯದೇ ಕೊಡು" ಅಂತ ಚೀಲ ಹಿಡಿದು ಹೋಗುವವರು ನಾವು. ನನಗೆ ಚುಚ್ಚಿದ್ದು ಇದು.

ಅಮ್ಮನನ್ನು ಕರೆದು ತೋರಿಸಿದೆ. ಸೊಂಟಕ್ಕೆ ಕೈಯಿಟ್ಟು ಬಗ್ಗಿ ನೋಡಿದಳು.

"ಮೀನಿಗೆ ಹೊಕ್ಕುಳಾ? ಸುಮ್ನೆ ಏನಾದ್ರೂ ಹೇಳ್ಬೇಡ."

ಬೆರಳಿಟ್ಟು ಮುಟ್ಟಿ ನೋಡಿದಳು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇದನ್ನೆಲ್ಲ ಅವಳ ಹತ್ತಿರ ಹೇಳ್ಲಿಕ್ಕೆ ಹೋಗ್ಬೇಡ, ಊಟ ಬಿಟ್ಟಾಳು" ಎಂದು ಬೆಳ್ಳುಳ್ಳಿ ಸುಲಿಯಲು ಒಳಗೆ ಹೋದಳು.

ಕಾಳುಮೆಣಸು, ಬೆಳ್ಳುಳ್ಳಿ, ಅರಿಶಿನ ಹಾಕಿ ಸುಕ್ಕ ಮಾಡಿದಳು. ತಾಟೆಯ ಮೈಯಲ್ಲಿ ಯೂರಿಯಾ ಇರುತ್ತದೆ, ಉಪ್ಪುನೀರಲ್ಲಿ ಬದುಕಲು ಅದಕ್ಕೆ ಅದು ಬೇಕು, ಸತ್ತ ಮೇಲೆ ಅದೇ ಅಮೋನಿಯಾ ವಾಸನೆ ಆಗುತ್ತದೆ. ಅದಕ್ಕೇ ತಾಜಾ ಬೇಕು, ಚೆನ್ನಾಗಿ ತೊಳೆಯಬೇಕು. ಅಮ್ಮನಿಗೆ ಯೂರಿಯಾ ಗೊತ್ತಿಲ್ಲ, ತೊಳೆಯುವುದು ಗೊತ್ತು. ತಂಗಿ ಎರಡು ಸಲ ಬಡಿಸಿಕೊಂಡಳು. ನಾನೂ ತಿಂದೆ, ತಿನ್ನಲಿಲ್ಲ ಅಂತ ಸುಳ್ಳು ಯಾಕೆ ಹೇಳಲಿ, ರುಚಿಯಾಗಿತ್ತು.

ಮುಂದಿನ ವಾರ ಅಮ್ಮ ಪುನಃ ಚೀಲ ಕೊಟ್ಟಳು. ಈ ಸಲ ಏನು ತರಬೇಕು ಅಂತ ಹೇಳಲಿಲ್ಲ. ಮೀನಿನ ಅಕ್ಕ ದೂರದಿಂದಲೇ ಕರೆದಳು, "ಸಣ್ಣದು ಉಂಟು ಮಗಾ, ನಿನಗೇ ಇಟ್ಟದ್ದು." ನಾನು ಬೂತಾಯಿ ತೆಗೆದುಕೊಂಡೆ. ಹೊರಡುವಾಗ ಹಿಂದೆ ತಿರುಗಿ ನೋಡಿದರೆ ಆ ಮರಿಗಳನ್ನು ಬೇರೆ ಯಾರೋ ಆಗಲೇ ಚೀಲಕ್ಕೆ ಹಾಕಿಸಿಕೊಳ್ಳುತ್ತಿದ್ದರು.