ದಾಳಿಂಬೆ ಸಿಪ್ಪೆಯ ಕ್ರೀಮು ಕಪ್ಪಾದದ್ದು

"ಹಣ್ಣು ಬಿಟ್ಟು ಸಿಪ್ಪೆ ಒಯ್ಯುತ್ತೀರಲ್ಲ ಅಕ್ಕ" ಎಂದು ಜ್ಯೂಸ್ ಅಂಗಡಿಯ ಹುಡುಗ ನಗುತ್ತಲೇ ಚೀಲ ತುಂಬಿಸಿಕೊಟ್ಟ. ಹತ್ತು ಕಿಲೋ ಭಗವಾ ತಳಿಯ ದಾಳಿಂಬೆ ಬಿಡಿಸಿದರೆ ನಾಲ್ಕು ಕಿಲೋಗೂ ಹೆಚ್ಚು ಸಿಪ್ಪೆ ಬುಟ್ಟಿಗೆ ಬೀಳುತ್ತದೆ, ತೂಗಿ ನೋಡಿದ್ದೇನೆ. ಬಾಗಲಕೋಟೆಯ ನಮ್ಮ ತೋಟದ ಮನೆಯಲ್ಲಿ ಅದು ತಿಪ್ಪೆಗೆ ಹೋಗುತ್ತಿತ್ತು. ಅಜ್ಜಿ ಮಾತ್ರ ಒಂದಿಷ್ಟು ಒಣಗಿಸಿಟ್ಟು, ಹೊಟ್ಟೆ ಕೆಟ್ಟವರಿಗೆ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಿದ್ದಳು. ಆ ಒಗರು ಇನ್ನೂ ನೆನಪಿದೆ.

ಆ ಒಗರೇ ಈಗ ನನ್ನ ಪ್ರಯೋಗಾಲಯದ ಕೆಲಸ. ಸಿಪ್ಪೆಗೆ ಒಗರು ಕೊಡುವ ಪ್ಯುನಿಕಾಲಜಿನ್ ಎಂಬ ಟ್ಯಾನಿನ್ ಒಡೆದರೆ ಎಲಾಜಿಕ್ ಆಮ್ಲ ಸಿಗುತ್ತದೆ. ಚರ್ಮದಲ್ಲಿ ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಾಗಲು ಬೇಕಾದ ಟೈರೊಸಿನೇಸ್ ಕಿಣ್ವದ ಒಡಲಲ್ಲಿ ತಾಮ್ರವಿದೆ. ಎಲಾಜಿಕ್ ಆಮ್ಲ ಆ ತಾಮ್ರಕ್ಕೇ ಅಂಟಿಕೊಂಡು ಕಿಣ್ವದ ಕೈ ಕಟ್ಟುತ್ತದೆ. ಜಪಾನಿನಲ್ಲಿ 1996ರಲ್ಲೇ ಚರ್ಮಕ್ಕೆ ಹಚ್ಚುವ ಕ್ರೀಮಿನಲ್ಲಿ ಇದರ ಬಳಕೆಗೆ ಅನುಮತಿ ಸಿಕ್ಕಿತ್ತು. ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಗುಣದ ಪರೀಕ್ಷೆಯಂತೂ ಕಣ್ಣಿಗೆ ಹಬ್ಬ: ಡಿಪಿಪಿಎಚ್ ಎಂಬ ರಾಸಾಯನಿಕದ ಕಡುನೇರಳೆ ದ್ರಾವಣಕ್ಕೆ ಸಿಪ್ಪೆಯ ಸಾರದ ಕೆಲವು ಹನಿ ಬಿದ್ದರೆ ಹಳದಿಗೆ ತಿರುಗುತ್ತದೆ. ಆದರೆ ಗಾಜಿನ ನಳಿಕೆಗೆ ಚರ್ಮವಿಲ್ಲ. ನಾವು ಕೊಂಡು ತರುವ ಟೈರೊಸಿನೇಸ್ ಕೂಡ ಅಣಬೆಯದು, ಮನುಷ್ಯನದಲ್ಲ.

ಈ ಸಾರ ಬೆರೆಸಿ ಕ್ರೀಮು ಮಾಡಿದ ದಿನ ಅವಸರದಲ್ಲಿ ತುಕ್ಕು ಹಿಡಿದ ಸ್ಪ್ಯಾಚುಲಾದಿಂದ ಕದಡಿದೆ. ಮರುದಿನ ಬೆಳಿಗ್ಗೆ ಡಬ್ಬಿಯ ತುಂಬ ಮಸಿಯ ಗೆರೆಗಳು. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಹಿಂದಿನವರ ಬರೆಯುವ ಶಾಯಿ! ತಾಮ್ರ ಹಿಡಿಯುತ್ತದೆಂದು ಹೊಗಳಿದ್ದೆ, ಕಬ್ಬಿಣವನ್ನೂ ಬಿಡಲಿಲ್ಲ. ಮುಂದಿನ ಸಲ ಲೋಹವನ್ನು ಹಿಡಿದಿಡುವ ಇಡಿಟಿಎ ಎಂಬ ರಾಸಾಯನಿಕ ಬೆರೆಸಿದೆ, ಉಪಕರಣ ಬದಲಿಸಿದೆ. ಮಸಿ ಹೋಯಿತು, ಚಹಾದ ಬಣ್ಣ ಉಳಿಯಿತು. "ಬೆಳ್ಳಗಾಗಲು ಕಂದು ಕ್ರೀಮು ಯಾರು ಕೊಳ್ಳುತ್ತಾರೆ?" ಎಂದಳು ಗೆಳತಿ. ಬೆಳ್ಳಗಾಗುವ ಮಾತು ನನಗೆ ರುಚಿಸುವುದಿಲ್ಲ. ನಾನು ಎಣ್ಣೆಗಪ್ಪು, ಹಾಗೆಯೇ ಇರುತ್ತೇನೆ. ಮೊಡವೆ ಉಳಿಸಿಹೋಗುವ ಕಲೆ ತುಸು ತಿಳಿಯಾದರೆ ಸಾಕು.

ನನ್ನ ನಿದ್ದೆ ಕೆಡಿಸುವುದು ಬೇರೆ. ದುಂಡಾಣು ಅಂಗಮಾರಿ ರೋಗ ಬಂದ ವರ್ಷ ಅಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಮತ್ತೆ ಮತ್ತೆ ಔಷಧಿ ಹೊಡೆಯುತ್ತಿದ್ದರು. ಅದರಲ್ಲಿ ತಾಮ್ರವೂ ಇತ್ತು, ಸ್ಟ್ರೆಪ್ಟೊಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೂಡ. ಅದೆಲ್ಲ ಮೊದಲು ಬೀಳುವುದು ಸಿಪ್ಪೆಯ ಮೇಲೆ. ಸಾರವನ್ನು ಇಂಗಿಸುವಾಗ ಒಳ್ಳೆಯದು ಮಾತ್ರ ಗಟ್ಟಿಯಾಗುತ್ತದೆಯೇ? ಹಾಗಾಗಿ ಉಳಿದ ಔಷಧಿಯ ಶೇಷಾಂಶದ ಪರೀಕ್ಷೆ ಮುಗಿಯದೆ ಯಾರ ಕೆನ್ನೆಗೂ ಹಚ್ಚುವುದಿಲ್ಲ.

ನಿನ್ನೆ ಹುಡುಗನನ್ನು ಕೇಳಿದೆ, ಈ ಹಣ್ಣು ಯಾವ ತೋಟದ್ದು ಎಂದು.

"ಮಾರ್ಕೆಟ್ಟಿನದು ಅಕ್ಕ" ಎಂದ.