ನಮ್ಮ ಏರಿಗೆ ಎಷ್ಟು ಚಕ್ರ ಬೇಕು?

ಕಾಸರಗೋಡಿನ ಪೆರ್ಲದ ಹತ್ತಿರ ಟಾರು ರಸ್ತೆ ಬಿಟ್ಟು ನಮ್ಮ ಮನೆಗೆ 700 ಮೀಟರ್ ಇಳಿಯಬೇಕು. ಮೊದಲ ಸ್ವಲ್ಪ ದೂರ ಕಾಂಕ್ರೀಟು. ಆಮೇಲೆ ಮುರಕಲ್ಲಿನ ಗುಡ್ಡೆ ಕಡಿದು ಮಾಡಿದ ನಮ್ಮದೇ ಮಾರ್ಗ. ಮೂರು ತಿರುವು. ಮೂರನೆಯದಕ್ಕೆ ಹಲಸಿನ ತಿರುವು ಅಂತ ಹೆಸರು, ಅಲ್ಲೊಂದು ಹಲಸಿನ ಮರ ಇದೆ, ಅಷ್ಟೇ. ಏಪ್ರಿಲಿನಲ್ಲಿ ಅಲ್ಲಿ ಯಾವ ಚಿಕ್ಕ ಕಾರೂ ಹತ್ತುತ್ತದೆ. ಜೂನ್ ಹಿಡಿಯಿತೋ, ಕೆಂಪು ಮಣ್ಣು ನೆನೆದ ಸಾಬೂನಿನ ಹಾಗೆ ಆಗುತ್ತದೆ. ಆಟಿ ತಿಂಗಳು ಬರುವಾಗ ಕಲ್ಲಿನ ಮೇಲೆ ಪಾಚಿ.

ಐದು ಮಳೆಗಾಲ ನಾನು ಚಿಕ್ಕ ಕಾರನ್ನು ಮೇಲಿನ ಮನೆಯವರ ಕೊಟ್ಟಿಗೆಯ ಪಕ್ಕ ನಿಲ್ಲಿಸಿ ನಡೆದೇ ಇಳಿದವಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮಗಳು, ಹೆಗಲಲ್ಲಿ ಮಕ್ಕಳ ಪರೀಕ್ಷೆಯ ಪೇಪರು. ಅತ್ತೆಯ ಮೊಣಕಾಲಿನ ಆಪರೇಷನ್ ಆದ ಮೇಲೆ ಅದು ಸಾಧ್ಯವೇ ಇರಲಿಲ್ಲ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಬೇರೆ ಕಾರು ನೋಡಲೇಬೇಕಾಯಿತು. 2022ರ ಮಾತು.

ಮನೆಯಲ್ಲಿ ಮೂರು ಪಕ್ಷ. ನನ್ನ ಗಂಡನಿಗೆ ಮಹೀಂದ್ರಾದ ಹೊಸ ಥಾರ್ ಬೇಕು. ಮಾವನಿಗೆ ಅವರ ಹಳೆ ಮಹೀಂದ್ರಾ ಜೀಪಿನ ಹೊರತು ಉಳಿದದ್ದೆಲ್ಲ ಆಟಿಕೆ. 'ಫೋರ್ ವೀಲ್ ಅಂದರೆ ಲಿವರ್ ಇರಬೇಕು. ಬಟನು ಒತ್ತಿದರೆ ಲಿಫ್ಟು ಬರ್ತದೆ, ಫೋರ್ ವೀಲ್ ಬರುವುದಿಲ್ಲ' ಅಂತ ಅವರ ವಾದ. ಮೂರನೇ ಪಕ್ಷ ನಾನು. ದಿನಾ ಕುಂಬಳೆ ಕಡೆಯ ಶಾಲೆಗೆ ಹೋಗಿ ಬರಲು 50 ಕಿಲೋಮೀಟರಿಗಿಂತ ಜಾಸ್ತಿ ಓಡಿಸುವವಳು ನಾನೇ. ಆದರೆ ನನ್ನನ್ನು ಕೊನೆಗೆ ಕೇಳಿದರು.

ಶೋರೂಮಿನಲ್ಲಿ ವಿಚಾರಿಸಿದರೆ ಎಲ್ಲದಕ್ಕೂ 'ಫೋರ್ ಬೈ ಫೋರ್ ಮೇಡಂ' ಎಂಬ ಒಂದೇ ಉತ್ತರ. ಫೋರ್ ವೀಲ್ ಡ್ರೈವ್, ಆಲ್ ವೀಲ್ ಡ್ರೈವ್ ಎರಡೂ ಒಂದೇ ಅಲ್ಲ ಎಂದು ನನಗೆ ತಿಳಿದದ್ದು ಮಾವನ ಜೀಪಿನಿಂದ.

ಆ ಜೀಪಿನಲ್ಲಿ ಗೇರಿನ ಪಕ್ಕ ಇನ್ನೆರಡು ಗಿಡ್ಡ ಲಿವರ್ ಇದೆ. ಒಂದು ಎಳೆದರೆ ಮುಂದಿನ ಚಕ್ರಗಳಿಗೂ ಶಕ್ತಿ ಹೋಗುತ್ತದೆ. ಇನ್ನೊಂದು 'ಲೋ'ಗೆ ಹಾಕಲು. ಅದಕ್ಕೂ ಮೊದಲು ಕೆಳಗಿಳಿದು ಮುಂದಿನ ಒಂದೊಂದು ಚಕ್ರದ ಮಧ್ಯದಲ್ಲೂ ಇರುವ ಹಬ್ ಕೈಯಿಂದ ತಿರುಗಿಸಬೇಕು. ಕೆಸರಿನಲ್ಲಿ ಸಿಕ್ಕಿಬಿದ್ದ ಮೇಲೆ ತಿರುಗಿಸಲು ಹೋದರೆ ಕೈಯೆಲ್ಲ ಕೆಂಪು. ಮಾವ ಅದಕ್ಕೆ ಮೇ ಕೊನೆಯಲ್ಲೇ ತಿರುಗಿಸಿ ಇಡುತ್ತಾರೆ.

ಒಮ್ಮೆ ಅಡಿಕೆ ಚೀಲ ಹೇರಿಕೊಂಡು ಮೇಲೆ ಬಂದವರು ಲಿವರ್ ಬಿಡಿಸಲು ಮರೆತರು. ನಾನು ಪಕ್ಕದಲ್ಲೇ ಕೂತಿದ್ದೆ. ಒಣ ಟಾರಿನಲ್ಲಿ ಪೇಟೆಗೆ ತಿರುಗುವಾಗ ಸ್ಟಿಯರಿಂಗು ಬಿಗಿಯಾಯಿತು. ಟೈಯರು ಕಿರ್ ಕಿರ್ ಎಂದಿತು. ಜೀಪು ಹಗ್ಗ ಎಳೆದ ಕರುವಿನ ಹಾಗೆ ಕುಪ್ಪಳಿಸಿತು. ಕಾರಣ ಸರಳ. ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ಸುತ್ತು ಹೋಗುತ್ತವೆ, ಹಿಂದಿನವು ಸಣ್ಣ ಸುತ್ತು. ಲಿವರ್ ಎಳೆದಾಗ ಮುಂದು ಹಿಂದು ಎರಡನ್ನೂ ಒಂದೇ ವೇಗಕ್ಕೆ ಕಟ್ಟಿ ಹಾಕಿದಂತೆ. ಕೆಸರಾದರೆ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗ ಇಲ್ಲ, ಆಗ ಒಳಗಿನ ಗೇರು, ಶಾಫ್ಟು ಒದ್ದಾಡುತ್ತವೆ. ಥಾರಿನ ಫೋರ್ ವೀಲ್ ಡ್ರೈವೂ ಇದೇ ಜಾತಿಯದ್ದು. ಬೇಕಾದಾಗ ಮಾತ್ರ ಹಾಕಬೇಕು.

ಆಲ್ ವೀಲ್ ಡ್ರೈವ್ ಬೇರೆಯೇ ವಂಶ. ನಾವು ನೋಡುವ ಹೆಚ್ಚಿನ ಫ್ಯಾಮಿಲಿ ಕಾರುಗಳಲ್ಲಿ ಅದು ಮಾಮೂಲಿಯಾಗಿ ಮುಂದಿನ ಎರಡು ಚಕ್ರದಲ್ಲೇ ಓಡುತ್ತದೆ. ಹಿಂದಿನ ಚಕ್ರಗಳಿಗೆ ಹೋಗುವ ದಾರಿಯಲ್ಲಿ ಕ್ಲಚ್ ಪ್ಲೇಟುಗಳ ಒಂದು ಕಟ್ಟು ಇರುತ್ತದೆ. ಮುಂದಿನ ಚಕ್ರ ಜಾರಿತು ಅಂತ ಸೆನ್ಸರಿಗೆ ಗೊತ್ತಾದ ಕೂಡಲೇ ಆ ಪ್ಲೇಟುಗಳು ಒಂದಕ್ಕೊಂದು ಒತ್ತಿ ಹಿಡಿಯುತ್ತವೆ, ಶಕ್ತಿ ಹಿಂದಕ್ಕೂ ಹೋಗುತ್ತದೆ. ನಾವು ಏನೂ ಮಾಡಬೇಕಿಲ್ಲ. ಅರ್ಧ ಟಾರು, ಅರ್ಧ ಹೊಂಡ, ನಡುವೆ ಕೆಸರು, ಮತ್ತೆ ಟಾರು. ನಮ್ಮ ಗಡಿನಾಡಿನ ರಸ್ತೆಗೆ ಇದು ಸರಿ ಅಲ್ವಾ? ಪ್ರತಿ ಸಲ ಲಿವರ್ ಎಳೆದು ಬಿಡುತ್ತಾ ಕೂತರೆ ಶಾಲೆಯ ಗಂಟೆ ಹೊಡೆದಿರುತ್ತದೆ.

ಇದರಲ್ಲಿ ಇಲ್ಲದ್ದು ಮಾವನ ಎರಡನೇ ಲಿವರ್, ಅಂದರೆ 'ಲೋ'. ಅದು ಚಕ್ರದ ವೇಗ ಅರ್ಧಕ್ಕಿಂತ ಕಡಿಮೆ ಮಾಡಿ, ಎಳೆಯುವ ಬಲವನ್ನು ಎರಡು ಪಟ್ಟಿಗೂ ಮೇಲೆ ಏರಿಸುತ್ತದೆ. ಬಂಡೆ ಹತ್ತಲು, ಭಾರ ಎಳೆಯಲು ಅದು ಬೇಕೇ ಬೇಕು. ಆಲ್ ವೀಲ್ ಡ್ರೈವಿನ ಕ್ಲಚ್ ಪ್ಲೇಟುಗಳನ್ನು ಕೆಸರಿನಲ್ಲಿ ಜಾಸ್ತಿ ಹೊತ್ತು ದುಡಿಸಿದರೆ ಬಿಸಿಯಾಗಿ ಕೈಬಿಡುವುದೂ ಉಂಟು.

ಕೊನೆಗೆ ತೀರ್ಮಾನ ಮಾಡಿಸಿದ್ದು ಇದು ಯಾವುದೂ ಅಲ್ಲ. ನಾವು ಐದು ಜನ, ಆಗಿನ ಥಾರಿನಲ್ಲಿ ನಾಲ್ಕೇ ಸೀಟು. ಹಿಂದಿನ ಸೀಟಿಗೆ ಹೋಗಲು ಮುಂದಿನ ಸೀಟು ಮಡಚಬೇಕು. ಅತ್ತೆ ಶೋರೂಮಿನಲ್ಲಿ ಒಂದು ಕಾಲು ಮೇಲಿಟ್ಟು, ಇನ್ನೊಂದು ನೆಲದಲ್ಲೇ ಇಟ್ಟುಕೊಂಡು ನಮ್ಮ ಮುಖ ನೋಡಿದರು. ಅಲ್ಲಿಗೆ ಮುಗಿಯಿತು. (ಈಗ 2024ರಿಂದ ಐದು ಬಾಗಿಲಿನ ಥಾರ್ ರಾಕ್ಸ್ ಇದೆ. ಮಾರುತಿಯ ಜಿಮ್ನಿಗೂ ಐದು ಬಾಗಿಲು, 'ಲೋ' ಕೂಡ ಇದೆ. ಆದರೆ ಜಿಮ್ನಿಯಲ್ಲಿ ಸೀಟು ನಾಲ್ಕೇ. ಐದನೆಯವರು ಯಾರು ಮನೆಯಲ್ಲಿ ಉಳಿಯುವುದು?)

ತೆಗೆದುಕೊಂಡದ್ದು ಸೆಕೆಂಡ್ ಹ್ಯಾಂಡ್ ಡಸ್ಟರ್, ಡೀಸೆಲ್, ಆಲ್ ವೀಲ್ ಡ್ರೈವ್. ರೆನೋದವರು 2014ರಲ್ಲಿ ಇಲ್ಲಿ ತಂದ ಮಾದರಿ. 'ಟೂ ವೀಲ್', 'ಆಟೋ', 'ಲಾಕ್' ಅಂತ ಮೂರು ಗುರುತಿನ ಒಂದು ನಾಬ್. ನೆಲದಿಂದ 210 ಮಿಲಿಮೀಟರ್ ಎತ್ತರ. 'ಲೋ' ಇಲ್ಲದಿದ್ದರೂ ಮೊದಲ ಗೇರು ಬಹಳ ಗಿಡ್ಡ, ಅಂದರೆ ವೇಗ ಕಡಿಮೆ, ಬಲ ಜಾಸ್ತಿ. ಸಮತಟ್ಟು ರಸ್ತೆಯಲ್ಲಿ ಎರಡನೇ ಗೇರಿನಲ್ಲೇ ಹೊರಡಬಹುದು. ಮೊದಲನೆಯದು ಹಲಸಿನ ತಿರುವಿಗೆ ಅಂತಲೇ ಮಾಡಿದಂತಿದೆ.

ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಮಾರುತಿ ಗ್ರ್ಯಾಂಡ್ ವಿಟಾರಾದ ಆಲ್ ವೀಲ್ ಡ್ರೈವ್ ತೆಗೆದುಕೊಂಡಿದ್ದಾರೆ, ನಮ್ಮ ಬಿಡದಿಯಲ್ಲೇ ತಯಾರಾಗುವ ಕಾರು. ಅದರಲ್ಲಿ 'ಸ್ನೋ' ಅಂತ ಒಂದು ಮೋಡ್ ಇದೆ. ಕಾಸರಗೋಡಿಗೆ ಹಿಮ! ನಗಬೇಡಿ, ನಮ್ಮ ಜಾರುವ ಮಣ್ಣಿಗೂ ಅದೇ ಒಳ್ಳೆಯದಂತೆ. ಮೈಲೇಜು ಮಾತ್ರ ಕಡಿಮೆ. 2022ರಲ್ಲಿ ಬಂದಾಗ ಕಂಪನಿ ಲೆಕ್ಕದಲ್ಲೇ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಮ್ಯಾನುವಲ್ ಕಾರಿಗೆ ಲೀಟರಿಗೆ 21.11 ಕಿಲೋಮೀಟರ್, ನಾಲ್ಕಕ್ಕೂ ಹೋಗುವ ಮ್ಯಾನುವಲ್ಲಿಗೆ 19.38 ಇತ್ತು. ನನ್ನದು 14 ಕೊಟ್ಟರೆ ದೊಡ್ಡದು.

ಎರಡು ಮಳೆಗಾಲ ಜುಮ್ಮೆಂದು ಹತ್ತಿದೆ, ಇಳಿದೆ. ಅಹಂಕಾರ ಬಂತು.

ಕಳೆದ ಜುಲೈ. ಸಂಜೆ ಐದೂವರೆ, ಮೂರು ದಿನದಿಂದ ಬಿಡದ ಮಳೆ. ಮಗಳು ಹಿಂದೆ ಕೂತು ಹಪ್ಪಳ ತಿನ್ನುತ್ತಿದ್ದಳು. ನಾನು ಎರಡನೇ ಗೇರಿನಲ್ಲೇ ಇಳಿಯುತ್ತಾ ಹಲಸಿನ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಸ್ಟಿಯರಿಂಗು ಬಲಕ್ಕೆ ತಿರುಗಿತು, ಕಾರು ತಿರುಗಲಿಲ್ಲ. ಸದ್ದೇ ಇಲ್ಲದೆ, ಬಹಳ ಮರ್ಯಾದೆಯಿಂದ ನೇರ ಹೋಗಿ ಎಡದ ಮುಂಚಕ್ರವನ್ನು ಮಳೆನೀರು ಹರಿಯುವ ಕಣಿಯೊಳಗೆ ಇಟ್ಟಿತು. ಬಲದ ಹಿಂಚಕ್ರ ಗಾಳಿಯಲ್ಲಿ.

ನಾಬ್ 'ಲಾಕ್'ಗೆ ತಿರುಗಿಸಿದೆ. ಕಣಿಯ ಚಕ್ರ ಸುತ್ತಿತು, ಗಾಳಿಯ ಚಕ್ರ ಸುತ್ತಿತು, ನೆಲದಲ್ಲಿದ್ದ ಎರಡೂ ಸುಮ್ನೆ ನಿಂತವು. 'ಲಾಕ್' ಅಂದರೆ ಮುಂದನ್ನು ಹಿಂದಕ್ಕೆ ಕಟ್ಟುವುದು ಮಾತ್ರ, ಎಡವನ್ನು ಬಲಕ್ಕೆ ಅಲ್ಲ. ಎಡ ಬಲದ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಕಟ್ಟಿಗೆ ಡಿಫರೆನ್ಷಿಯಲ್ ಅಂತ ಹೆಸರು. ಮಾಮೂಲಿ ಡಿಫರೆನ್ಷಿಯಲ್ ಸುಲಭವಾಗಿ ತಿರುಗುವ ಚಕ್ರಕ್ಕೇ ಮಣಿಯುತ್ತದೆ. ಮಾವನ ಜೀಪಿನಲ್ಲೂ ಕಥೆ ಇದೇ ಅಂತ ಆಮೇಲೆ ಗೊತ್ತಾಯಿತು. ಇನ್ನು ಬ್ರೇಕು. ಅದು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಆಲ್ ವೀಲ್ ಡ್ರೈವ್ ಹತ್ತಿಸುತ್ತದೆ, ನಿಲ್ಲಿಸುವುದಿಲ್ಲ. ನಾನು ಮೊದಲ ಗೇರಿನಲ್ಲಿ, ಬ್ರೇಕ್ ಮುಟ್ಟದೆ, ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕಿತ್ತು. ಟೈಯರಿನ ಹಲ್ಲೂ ಸವೆದಿತ್ತು.

ಮಾವ ಕೊಡೆ ಹಿಡಿದು ಬಂದರು. 74 ವರ್ಷ. ಕಾರಿನ ಸುತ್ತ ಒಮ್ಮೆ ನಡೆದರು.

'ಬಟನು ಎಂತ ಹೇಳ್ತದೆ ಕೂಸೇ?'

ಎಂತ ಹೇಳುವುದು? ಜೀಪು ಬಂತು. ಅಡಿಕೆಗೆ ಮದ್ದು ಬಿಡಲು ಬಂದಿದ್ದ ಇಬ್ಬರು ಗಾಳಿಯಲ್ಲಿದ್ದ ಮೂಲೆಗೆ ಜೋತುಬಿದ್ದರು. ಅವರಲ್ಲೊಬ್ಬ 'ಟೀಚರೇ, ನೀವು ಇಳಿಯಿರಿ, ನಾನು ಸ್ಟಿಯರಿಂಗು ಹಿಡಿಯುತ್ತೇನೆ' ಎಂದ. ಇಳಿಯಲಿಲ್ಲ, ಅಷ್ಟಾದರೂ ಮಾನ ಬೇಡವೇ. 'ಲೋ' ಹಾಕಿದ ಜೀಪು ನಡೆಯುವವರಿಗಿಂತ ನಿಧಾನ ಹಿಂದೆ ಸರಿಯಿತು. ಹಗ್ಗ ಬಿಗಿಯಾಗಿ ನೀರು ಹಿಂಡಿತು. ಕಾರು ಪುಸಕ್ ಎಂದು ಮೇಲೆ ಬಂತು.

ಮರುವಾರವೇ ಟೈಯರು ಬದಲಿಸಿದೆ, ನಾಲ್ಕೂ ಒಟ್ಟಿಗೆ. ಎರಡು ಹೊಸತು, ಎರಡು ಹಳತು ಹಾಕಿದರೆ ಸುತ್ತಳತೆ ಬೇರೆಯಾಗಿ, ಚಕ್ರ ಜಾರುತ್ತಿದೆ ಎಂದೇ ಕಾರು ತಿಳಿಯುತ್ತದೆ, ಪ್ಲೇಟುಗಳು ಸುಮ್ನೆ ದುಡಿದು ಸವೆಯುತ್ತವೆ. ಆ ತಿಂಗಳ ಸಂಬಳದಲ್ಲಿ ಬೇರೇನೂ ಉಳಿಯಲಿಲ್ಲ.

ಹಲಸಿನ ತಿರುವಿಗೆ ಚಕ್ರ ಹೋಗುವಷ್ಟು ಅಗಲಕ್ಕೆ ಎರಡು ಸಾಲು ಕಾಂಕ್ರೀಟು ಹಾಕಿಸಬೇಕು ಅಂತ ಮಾವನೇ ಹೇಳಿದ್ದಾರೆ. ಮೇಸ್ತ್ರಿ ಬಂದು ಅಳತೆ ತೆಗೆದು ಹೋದ. ದೀಪಾವಳಿ ಕಳೆದ ಮೇಲೆ ಬರುತ್ತಾನಂತೆ. ಯಾವ ದೀಪಾವಳಿ ಅಂತ ಹೇಳಲಿಲ್ಲ.